ಘಾಟ್ ಹತ್ತದ ಇಂಜಿನ್

ಇವತ್ತು ಮಕರಪುರದ ಗ್ಯಾರೇಜೊಂದರ ಮುಂದೆ ಒಬ್ಬಾತ ಸೀಮೆಎಣ್ಣೆಯಲ್ಲಿ ಕೈ ತೊಳೆಯುತ್ತಿದ್ದ. ಆ ವಾಸನೆಗೆ ನನ್ನ ಕಾಲುಗಳು ಅಲ್ಲೇ ನಿಂತವು.

ನಾನು ಚಿಕ್ಕವಳಿದ್ದಾಗ ಪ್ರತಿ ಭಾನುವಾರ ಅಪ್ಪನ ಕೈಯಲ್ಲಿ ಅದೇ ವಾಸನೆ ಇರುತ್ತಿತ್ತು. ಹಾಸಿಗೆ ಹಿಡಿದಿದ್ದ ಅಮ್ಮನಿಗೆ ದೂರದ ಧಾರವಾಡದ ತವರನ್ನು ಒಮ್ಮೆ ನೋಡುವ ಆಸೆ. ಅವಳು ಮಲಗಿಕೊಂಡೇ ಹೋಗಲೆಂದು ಅಪ್ಪ ಒಂದು ಹಳೆಯ ಬ್ರಿಟಿಷ್ ವ್ಯಾನ್ ಕೊಂಡಿದ್ದರು. ಅದರ ಸಣ್ಣ ಇಂಜಿನ್ ಊರಿನ ಮೇಲ್ಸೇತುವೆಯನ್ನೇ ಏದುಸಿರು ಬಿಡುತ್ತ ಹತ್ತುತ್ತಿತ್ತು. ಧಾರವಾಡದ ದಾರಿಯಲ್ಲಿ ಬರುವ ಖಂಡಾಲಾ ಘಾಟ್ ಹತ್ತಬೇಕಾದರೆ ಜೀಪಿನ ದೊಡ್ಡ ಇಂಜಿನ್ನೇ ಬೇಕು ಎಂದ ಗ್ಯಾರೇಜಿನ ಮಿಸ್ತ್ರಿ ಜಯಂತಿಭಾಯಿ. ಅದನ್ನು ಕೂರಿಸಲು ವ್ಯಾನಿನ ನೆಲ ಕತ್ತರಿಸಿ, ಮತ್ತೆ ಬೆಸುಗೆ ಹಾಕುವುದರಲ್ಲೇ ಮಳೆಗಾಲ ಕಳೆಯಿತು.

“ಘಾಟ್ ಹೋಗ್ಲಿ ಬಿಡ್ರಿ, ಒಂದೀಟು ನನ್ನ ಹತ್ರ ಕೂಡ್ರಿ,” ಎನ್ನುತ್ತಿದ್ದಳು ಅಮ್ಮ.

“ಇನ್ನೊಂದು ವಾರ. ಆಮ್ಯಾಲ ನೋಡು, ಹ್ಯಾಂಗ ಓಡ್ತದ!” ಎನ್ನುತ್ತಿದ್ದರು ಅಪ್ಪ.

ಹೊಸ ಇಂಜಿನ್ ಗುಡುಗಿದ ದಿನ ಜಯಂತಿಭಾಯಿ ಪೇಡೆ ಹಂಚಿದ. ಅಷ್ಟರಲ್ಲಿ ಅಮ್ಮನಿಗೆ ಸಣ್ಣ ಕುಲುಕಾಟವನ್ನೂ ತಡೆಯಲಾಗುತ್ತಿರಲಿಲ್ಲ. ಅಪ್ಪ ಅವಳನ್ನು ಹಿಂದೆ ಮಲಗಿಸಿ, ಮಂಜಲ್‌ಪುರದ ನಮ್ಮ ಹೌಸಿಂಗ್ ಸೊಸೈಟಿಗೆ ಫಸ್ಟ್ ಗೇರಿನಲ್ಲಿ ಒಂದು ಸುತ್ತು ಹಾಕಿದರು. ನಾನು ಪಕ್ಕದಲ್ಲಿ ನಡೆದುಕೊಂಡೇ ಬಂದೆ.

“ಸಾಕ್ರಿ,” ಎಂದಳು ಅಮ್ಮ, ನಗುತ್ತ. “ಘಾಟ್ ಹತ್ತಿಧಂಗಾತು.”

ದೀಪಾವಳಿಗೆ ಮೊದಲೇ ಅವಳು ಹೋದಳು.

ಇವತ್ತು ಮನೆಗೆ ಬಂದು ಆ ಗ್ಯಾರೇಜಿನ ಮಾತು ತೆಗೆದೆ. ಅಪ್ಪ ಎದ್ದು ಹೋಗಿ, ಕೊಳೆಯೇ ಇಲ್ಲದ ಕೈಗಳನ್ನು ತುಂಬ ಹೊತ್ತು ತೊಳೆದುಕೊಂಡರು.