ಎಲ್ಲಿಗೆ ಹಚ್ಚಾಕ್ರೀ?

ಶಿಕಾರಿಪುರದ ಆ ಮೆಡಿಕಲ್ ಶಾಪಿನವರು ತುರಿಕೆಯ ಮುಲಾಮು ಕೇಳಿದವರನ್ನೆಲ್ಲ ಕನ್ನಡಕದ ಮೇಲಿಂದ ನೋಡಿ, "ಎಲ್ಲಿಗೆ ಹಚ್ಚಾಕ್ರೀ?" ಎನ್ನುತ್ತಿದ್ದರು. ತೊಂಬತ್ತರ ದಶಕದಲ್ಲಿ ನಾವು ಹುಡುಗಿಯರು ಮುಖ ಬೆಳ್ಳಗಾಗಲೆಂದು ಅದನ್ನೇ ಬಳಿದುಕೊಳ್ಳುತ್ತಿದ್ದೆವು. ಮುಖಕ್ಕೆ ಎಂದರೆ ಟ್ಯೂಬನ್ನು ಕಪಾಟಿಗೆ ವಾಪಸಿಟ್ಟು, "ಬಿಸ್ಲಾಗ ಸೆರಗು ಹೊದ್ಕ ಯವ್ವಾ, ಅಷ್ಟು ಸಾಕು" ಎನ್ನುವರು.

ಗಂಡಿನ ಕಡೆಯವರು ನೋಡಲು ಬರುವ ವಾರ ನಾನು ತಾಳಗುಂದದಿಂದ ಹೋಗಿ, "ಕಾಲಿಗೆ ರೀ" ಎಂದು ಸುಳ್ಳು ಹೇಳಿದೆ. ಅವರು ಟ್ಯೂಬು ಕೊಡುವಷ್ಟರಲ್ಲಿ ಅವರ ಮಗಳು ಬುತ್ತಿ ತಂದಳು. ನನ್ನದೇ ವಯಸ್ಸು, ಕೆನ್ನೆಯ ಚರ್ಮ ಮಾತ್ರ ಮುದುಕಿಯದು. ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ, ಒಳಗಿನ ಕೆಂಪು ನರಗಳೆಲ್ಲ ಕಾಣುತ್ತಿದ್ದವು.

ಅವಳು ಹೋದ ಮೇಲೆ ನಾನು ಟ್ಯೂಬು ಹಿಂದಿರುಗಿಸಿದೆ. ಅವರು ಅದನ್ನು ಒಳಗಿಟ್ಟು, ಕಪಾಟಿನ ಕಡೆಗೇ ನೋಡುತ್ತಾ ಹೇಳಿದರು: "ಅವ್ಳೂ ಇಲ್ಲಿಂದ್ಲೇ ತಗಂಡಿದ್ಲು. ಎಲ್ಲಿಗೆ ಅಂತ ಅವ್ಳನ್ನ ಮಾತ್ರ ನಾ ಕೇಳ್ಲಿಲ್ಲ."