ಬೇವು ಕಟ್ಟದ ಬಾಗಿಲು

ಬೆಂಗ್ರೆಯಲ್ಲಿ ಯಾವ ಮನೆಗೆ ಸಿಡುಬು ಬಂದರೂ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದು ನಮ್ಮ ಮೀನುಗಾರರ ರೂಢಿ. ದೇವಿ ಬಂದಿದ್ದಾಳೆ ಎಂದು ಅರ್ಥ. ಸೊಪ್ಪು ಕಂಡರೆ ಯಾರೂ ಒಳಗೆ ಕಾಲಿಡುತ್ತಿರಲಿಲ್ಲ. ಭಕ್ತಿಯೋ ಭಯವೋ, ರೋಗ ಹೆಚ್ಚಾಗಿ ಆ ಮನೆಯಲ್ಲೇ ನಿಲ್ಲುತ್ತಿತ್ತು.

ಯುದ್ಧದ ಕಾಲ, ಅಕ್ಕಿಗೂ ರೇಷನ್. ಆಗ ಹೊಳೆಯಾಚೆಯ ಪೇಟೆಯಿಂದ ಒಬ್ಬ ಅಧಿಕಾರಿ ಬಂದು, ಬೇವು ಕಟ್ಟಿದ ಮನೆಯವರು ದೋಣಿ ಹತ್ತಿ ಮೀನು ಮಾರಲು ಬರಕೂಡದು ಎಂದು ಸಾರಿ ಹೋದ. ಭಾರೀ ಬುದ್ಧಿವಂತ! ಮರುದಿನದಿಂದ ಬೆಂಗ್ರೆಯಲ್ಲಿ ಸಿಡುಬೇ ಇಲ್ಲ. ಅಂದರೆ, ಬೇವು ಇಲ್ಲ. ಆ ಮನೆಗಳಿಗೆ ಒಂದಿಷ್ಟು ಅಕ್ಕಿ ಕಳಿಸುತ್ತೇನೆ ಎಂದಿದ್ದರೆ ಎಲ್ಲರೂ ತಾವಾಗಿ ಹೇಳಿಕೊಳ್ಳುತ್ತಿದ್ದರು. ಹೊಟ್ಟೆಯ ಮೇಲೆ ಹೊಡೆದರೆ ಯಾರು ಬಾಯಿ ಬಿಡುತ್ತಾರೆ?

ನಾನೂ ಅಮ್ಮನೂ ಬುಟ್ಟಿ ಹೊತ್ತು ಪೇಟೆಗೆ ಹೋಗುವಾಗ ಪುಟ್ಟ ತಮ್ಮನನ್ನು ಪಕ್ಕದ ಮನೆಯಾಕೆಯ ಹತ್ತಿರ ಬಿಡುತ್ತಿದ್ದೆವು. ಅವಳ ಸೊಸೆ ಸಿಡುಬು ಎದ್ದು ಒಳಗೆ ಮಲಗಿದ್ದು ನಮಗೆ ಗೊತ್ತಿರಲಿಲ್ಲ. ಬಾಗಿಲು ಬರಿದಾಗಿತ್ತಲ್ಲ! ತಮ್ಮನ ಮೈಮೇಲೆ ಬೊಕ್ಕೆ ಎದ್ದಾಗ ಅಮ್ಮ ಅವಳ ಮೇಲೆ ಹರಿಹಾಯ್ದಳು.

"ಒಂದು ಮಾತು ಹೇಳ್ಬಾರದಿತ್ತಾ ಮಾರಾಯ್ತಿ?"

"ಹೇಳಿದ್ರೆ ಗಂಜಿಗೆ ಎಂತ ಉಂಟು ನಮ್ಮಲ್ಲಿ?" ಎಂದು ಅವಳು ಅತ್ತುಬಿಟ್ಟಳು. "ಈಗ ನೀನು ಕಟ್ತೀಯಾ ಬೇವು?"

ಅಮ್ಮ ಬೇವಿನ ಕೊಂಬೆ ಹಿಡಿದು ನಮ್ಮ ಹೊಸ್ತಿಲಲ್ಲಿ ನಿಂತಳು. ಅತ್ತ ದರಿ, ಇತ್ತ ಪುಲಿ. ಮಳೆಗಾಲ; ಅಪ್ಪನ ದೋಣಿ ಕಡಲಿಗಿಳಿಯುವಂತಿಲ್ಲ. ಒಣಮೀನು ಮಾರಿದರೆ ಮಾತ್ರ ಒಲೆ ಉರಿಯುತ್ತಿತ್ತು. ಕೊನೆಗೆ ಕೊಂಬೆಯನ್ನು ಒಳಗೆ ತಂದು ತಮ್ಮನ ಚಾಪೆಯ ಕೆಳಗಿಟ್ಟಳು. ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ, ಯಾರ ಮೇಲೆಂದು ಮಾತ್ರ ತಿಳಿಯುವುದಿಲ್ಲ.

ತಮ್ಮ ಉಳಿಯಲಿಲ್ಲ. ಗಟ್ಟಿಯಾಗಿ ಅತ್ತರೆ ಊರಿಗೆ ಗೊತ್ತಾಗುತ್ತದೆಂದು ಅಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಪ್ಪ ಒಬ್ಬನೇ ಹೋಗಿ ಹೂತು ಬಂದ.

ಮರುದಿನ ಮತ್ತೆ ಬುಟ್ಟಿ ಹೊತ್ತು ಹೋದೆವು. ಯಾವಾಗಲೂ ನಮ್ಮಿಂದಲೇ ಮೀನು ಕೊಳ್ಳುವ ಕ್ರೈಸ್ತರ ಮನೆಯ ಯಜಮಾನಿ ಒಬ್ಬರಿದ್ದರು, ಒಳ್ಳೆಯ ಹೆಂಗಸು; ನಾವು ಅವರನ್ನು 'ಬಾಯಿ' ಎಂದು ಕರೆಯುತ್ತಿದ್ದೆವು.

"ನಿಮ್ಮ ಕಡೆ ಸಿಡುಬು ಉಂಟಂತಲ್ಲ? ಸಣ್ಣವ ಹೇಗಿದ್ದಾನೆ?" ಎಂದು ಕೇಳಿದರು.

"ಹುಷಾರಿದ್ದಾನೆ ಬಾಯಿ," ಎಂದಳು ಅಮ್ಮ.

ಅವರು ಒಳಗೆ ಹೋಗಿ, ತಮ್ಮ ಮಗನಿಗೆ ಗಿಡ್ಡವಾದ ಅಂಗಿಯೊಂದನ್ನು ತಂದುಕೊಟ್ಟರು. ಅಮ್ಮ ಅದನ್ನು ಬಿಡಿಸಿ ಹಿಡಿದು ನೋಡಿದಳು.

"ಸ್ವಲ್ಪ ದೊಡ್ಡದಾಗ್ತದೆ," ಎಂದಳು. "ಅಡ್ಡಿಯಿಲ್ಲ, ಬೆಳೀತಾನಲ್ಲ."