ತಂಗಿಯ ದವಡೆಹಲ್ಲು

ಲವಂಗದ ವಾಸನೆ ಬಂದರೆ ಬೇರೆಯವರಿಗೆ ಪಲಾವು ನೆನಪಾಗುತ್ತದೆಯೇನೋ, ನನಗೆ ನೆನಪಾಗುವುದು ತಂಗಿ ಜಲಜಳ ದವಡೆ. ಹಲ್ಲುನೋವಿಗೆ ನಮ್ಮ ಮನೆಯಲ್ಲಿದ್ದದ್ದು ಅದೊಂದೇ ಮದ್ದು, ಲವಂಗ ಜಜ್ಜಿ ಹತ್ತಿಯಲ್ಲಿಟ್ಟು ಕಚ್ಚಿ ಹಿಡಿಯುವುದು. ಆ ಘಾಟಿನ ಹಿಂದೆಯೇ ಅಂಗಳದ ಒಣಮೀನಿನ ವಾಸನೆ, ಕಡಲಿನ ಉಪ್ಪುಗಾಳಿ ಎಲ್ಲ ಬಂದು ತ್ರಾಸಿ ಊರಿನ ನಮ್ಮ ಹಂಚಿನ ಮನೆ ಕಣ್ಣೆದುರು ನಿಲ್ಲುತ್ತದೆ. ಹೆದ್ದಾರಿ ಅಗಲವಾದಾಗ ಆ ಮನೆ ಹೋಯಿತು. ಈಗ ನಮ್ಮ ಅಡುಗೆಮನೆ ಇದ್ದಲ್ಲಿ ಲಾರಿಗಳು ಓಡುತ್ತವೆ.

ತೊಂಬತ್ತರ ದಶಕದ ಕೊನೆಯ ಮಾತು. ಅಪ್ಪ ಬೋಟಿಗೆ, ಅಮ್ಮ ಮೀನು ಮಾರಲು ಕುಂದಾಪುರಕ್ಕೆ ಹೋದರೆ ನಮ್ಮಿಬ್ಬರನ್ನು ನೋಡಿಕೊಳ್ಳುತ್ತಿದ್ದವರು ಅಪ್ಪನ ತಾಯಿ ಅಮ್ಮಮ್ಮ ಮತ್ತು ಅಪ್ಪನ ತಂಗಿ ಗಿರಿಜತ್ತೆ. ಅತ್ತೆ ಬಾಲವಾಡಿಯ ಟೀಚರು. ಮಕ್ಕಳಿಗೆ ಹಲ್ಲುಜ್ಜಲು ಕಲಿಸುವುದೆಂದರೆ ಅವಳಿಗೆ ಒಂದು ಹುಚ್ಚು. ತೆಂಗಿನ ಗೆರಟೆಯ ಅಂಚಿಗೆ ಸಾಲಾಗಿ ಕವಡೆ ಅಂಟಿಸಿ ಬಾಯಿಯೊಂದನ್ನು ಮಾಡಿಕೊಂಡಿದ್ದಳು. ಅದರ ಮೇಲೆ ಬ್ರಶ್ಶನ್ನು ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದಳು. ಊರ ಮಕ್ಕಳೆಲ್ಲ ಕಣ್ಣರಳಿಸಿ ನೋಡುತ್ತಿದ್ದವು. ಮನೆಯಲ್ಲಿ ಮಾತ್ರ ಅಮ್ಮಮ್ಮ ಆ ವಿದ್ಯೆಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಅತ್ತೆ ತಂದ ಹೊಸ ಬ್ರಶ್ಶಿನಿಂದ ತನ್ನ ಕಿವಿಯ ಬೆಂಡೋಲೆ ತಿಕ್ಕಿ ತೊಳೆದಳು. ಅತ್ತೆ ಬೇಡ ಬೇಡ ಎಂದಷ್ಟೂ ಮಲಗುವ ಮುಂಚೆ ಜಲಜಳ ಬಾಯಿಗೆ ಬೆಲ್ಲದ ಚೂರು ಹಾಕಿದಳು. "ಬಿದ್ದ್ ಹೋಪ್ ಹಲ್ಲಿಗೆ ಎಂತ ಇಷ್ಟ್ ಉಪಚಾರ ಹೆಣೆ? ಹಾಲ್ ಹಲ್ಲ್ ಹೋರೆ ಬೇರೆ ಬತ್ತ್," ಎನ್ನುತ್ತಿದ್ದಳು. "ಬಪ್ಪು ಹಲ್ಲಿಗೂ ಜಾಗ ಸಮ ಬೇಕಲೆ ಅಬ್ಬೆ," ಎಂದು ಅತ್ತೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ಇಬ್ಬರೂ ಸೋಲುವ ಪೈಕಿಯವರಲ್ಲ. ನಡುವೆ ಸಿಕ್ಕಿದವಳು ನಾನು.

ರಾತ್ರಿ ಊಟವಾದ ಮೇಲೆ ಪಾತ್ರೆ ತೊಳೆಯುವುದು ಅತ್ತೆಯ ಪಾಲಿಗಿತ್ತು. ಹಾಗಾಗಿ ಆರು ವರ್ಷದ ಜಲಜಳನ್ನು ಬಾವಿಕಟ್ಟೆಗೆ ಕರೆದೊಯ್ದು ಹಲ್ಲು ತಿಕ್ಕಿಸುವ ಜವಾಬ್ದಾರಿ ಹತ್ತು ವರ್ಷದ ನನ್ನ ತಲೆಗೆ ಬಿತ್ತು. ಅದೇನು ಮಗುವೋ, ಏನು ಪಿಶಾಚಿಯೋ! ಪೇಸ್ಟು ನುಂಗುವಳು, ಬ್ರಶ್ಶು ಕಚ್ಚಿ ಹಿಡಿದರೆ ಬಿಡಳು, ಉಗುಳು ಎಂದರೆ ನನ್ನ ಲಂಗಕ್ಕೇ ಉಗುಳುವಳು. ತಿಂಗಳೊಪ್ಪತ್ತು ಹೆಣಗಿದೆ. ಆಮೇಲೆ ಸುಲಭದ ದಾರಿ ಹೊಳೆಯಿತು. ಅವಳದು, ನನ್ನದು ಎರಡೂ ಬ್ರಶ್ಶುಗಳನ್ನು ಕೊಡದ ನೀರಿನಲ್ಲಿ ಅದ್ದಿ, ಕೊಡವಿ, ಮೊಳೆಗೆ ಸಿಕ್ಕಿಸಿಬಿಡುವುದು. ಅತ್ತೆ ಹೆಬ್ಬೆರಳಿನಲ್ಲಿ ಬ್ರಶ್ಶು ಮುಟ್ಟಿ ನೋಡಿ, "ತಿಕ್ಕಿದ್ರ್ಯಾ?" ಎನ್ನುವಳು. ನಾನು "ಹ್ಞೂಂ ಅತ್ತೆ" ಎನ್ನುವೆ. ಅವಳ ಮುಖದಲ್ಲಿ ಒಂದು ಸಮಾಧಾನ ಕಾಣುತ್ತಿತ್ತು. ಎರಡು ಮಳೆಗಾಲ ಹೀಗೇ ಕಳೆಯಿತು.

ಜಲಜಳಿಗೆ ಎಂಟಾದಾಗ ಹಿಂದಿನ ಹಲ್ಲೊಂದು ನೋಯತೊಡಗಿತು. ಹಾಲುಹಲ್ಲು, ತಾನಾಗಿ ಬೀಳುತ್ತದೆ ಎಂದು ಅಮ್ಮಮ್ಮ ಎಂಟು ದಿನ ಲವಂಗ ಕಚ್ಚಿಸಿದಳು. ಕೆನ್ನೆ ಊದಿದ ಮೇಲೆ ಅತ್ತೆ ನಮ್ಮಿಬ್ಬರನ್ನೂ ಬಸ್ಸು ಹತ್ತಿಸಿ ಕುಂದಾಪುರದ ಹಲ್ಲಿನ ಡಾಕ್ಟರರ ಹತ್ತಿರ ಕರೆದೊಯ್ದಳು. ಇದು ಹಾಲುಹಲ್ಲಲ್ಲ, ಆರರ ವಯಸ್ಸಿಗೆ ಹಿಂದೆ ಸದ್ದಿಲ್ಲದೆ ಹುಟ್ಟುವ ಕಾಯಂ ಹಲ್ಲು, ಹೋದರೆ ಮತ್ತೆ ಬರುವುದಿಲ್ಲ ಎಂದರು ಅವರು. ಒಳಗೆಲ್ಲ ಟೊಳ್ಳಾಗಿತ್ತು, ಕಿತ್ತರು. ರಾತ್ರಿ ತಿಕ್ಕಿಸುತ್ತಿದ್ದಿರಾ ಎಂದು ಕೇಳಿದಾಗ ಅತ್ತೆ ತಲೆಯೆತ್ತಿ ಹೇಳಿದಳು, "ಒಂದ್ ದಿನವೂ ತಪ್ಸ್ಲಿಲ್ಲೆ ಡಾಕ್ಟ್ರೆ."

ಅಮ್ಮಮ್ಮ ಡಾಕ್ಟರರ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ವಾಡಿಕೆಯಂತೆ ಆ ಹಲ್ಲನ್ನು ಸೆಗಣಿಯಲ್ಲಿ ಸುತ್ತಿ ಮನೆಯ ಹಂಚಿನ ಮಾಡಿಗೆ ಎಸೆದಳು, ಹೊಸದು ಬರಲೆಂದು. ಮುಂದೆ ಎಷ್ಟೋ ತಿಂಗಳು ಜಲಜ ಬೆಳಗಾದರೆ ಕನ್ನಡಿಯೆದುರು ಬಾಯಿ ಕಳೆದು ನಿಂತು, "ಅತ್ತೆ, ಬಂತಾ ಕಾಣ್," ಎನ್ನುತ್ತಿದ್ದಳು. ಜಗತ್ತಿಗೆಲ್ಲ ಬುದ್ಧಿ ಹೇಳುವ ಅತ್ತೆಗೆ ಅದು ಇನ್ನು ಬರುವುದಿಲ್ಲ ಎಂದಷ್ಟು ಹೇಳಲಾಗಲಿಲ್ಲ. "ನಾಳೆ ಕಾಂಬ," ಎಂದು ಒಳಗೆ ಹೋಗುತ್ತಿದ್ದಳು. ನಿಜ ಹೇಳುವವರು ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ, ನನ್ನನ್ನೂ ಸೇರಿಸಿ.

ಆ ವರ್ಷದಿಂದ ಬಾಲವಾಡಿಯಲ್ಲಿ ಗೆರಟೆಯ ಬಾಯಿ ಹೊರಗೆ ಬರಲಿಲ್ಲ. ಯಾರೋ ತಾಯಿ ಯಾಕೆ ಟೀಚರ್ರೇ ಎಂದು ಕೇಳಿದ್ದಕ್ಕೆ ಅತ್ತೆ ಹೇಳಿದ್ದನ್ನು ನಾನೇ ಕೇಳಿದ್ದೇನೆ: "ನಮ್ಮನಿ ಹೆಣ್ಣಿಗೆ ದಿನಾ ತಿಕ್ಸಿದೆ. ಎಂತ ಆಯ್ತ್? ಹಲ್ಲ್ ಉಳಿಕ್ ಅಂತಿದ್ರೆ ಉಳಿತ್ತ್, ಹೋಯ್ಕ್ ಅಂತಿದ್ರೆ ಹೋತ್ತ್." ನಾನು ಪಕ್ಕದಲ್ಲೇ ಇದ್ದೆ. ಬೈಯುತ್ತಾಳೆಂದು ಆಗ ಹೆದರಿದೆ. ದೊಡ್ಡವಳಾದ ಮೇಲೆ, ಇಷ್ಟು ಹಳೆಯದನ್ನು ಈಗ ಯಾಕೆ ಕೆದಕಬೇಕೆಂದು ಸುಮ್ಮನಾದೆ. ಜಲಜಳಿಗೆ ಒಮ್ಮೆ ಹೇಳಿದೆ. ಅವಳಿಗೆ ಬಾವಿಕಟ್ಟೆಯ ಆಟವೇ ನೆನಪಿರಲಿಲ್ಲ, ನಕ್ಕುಬಿಟ್ಟಳು. ಮನೆ ಒಡೆಯುವ ಹಿಂದಿನ ವರ್ಷ ಅತ್ತೆ ಹೋದಳು. ತಾನು ಮಕ್ಕಳಿಗೆ ಕಲಿಸಿದ್ದರಿಂದ ಏನೂ ಪ್ರಯೋಜನವಿರಲಿಲ್ಲ ಎಂದು ನಂಬಿಕೊಂಡೇ ಹೋದಳು. ಅವಳು ಕಲಿಸಿದ್ದು ಸರಿಯಿತ್ತು. ಅದನ್ನು ಅವಳಿಗೆ ಹೇಳಬಹುದಾಗಿದ್ದವಳು ನಾನೊಬ್ಬಳೇ.